ಪರಿವರ್ತನಶೀಲ ನಾಯಕತ್ವ ಸರಿನಾ, ಪರಿವರ್ತಕ ನಾಯಕತ್ವ ಸರಿನಾ?

ಎಲ್ರಿಗೂ ನಮಸ್ಕಾರ. ಮಿಲಿಟರಿ ಅಕಾಡೆಮಿ ಕೆಡೆಟ್‌ಗಳ ನಾಯಕತ್ವ ಮತ್ತೆ ಯಶಸ್ಸಿನ ಬಗ್ಗೆ ಒಂದು ಲೇಖನ ಬರೀತಾ ಇದೀನಿ, ಟ್ರಾನ್ಸ್‌ಫರ್ಮೇಶನಲ್ ಲೀಡರ್‌ಶಿಪ್‌ಗೆ ಪದ ಬೇಕು. ಪರಿವರ್ತನಶೀಲ ನಾಯಕತ್ವ ಅಂತ ಬರೆದಿರೋದು ನೋಡಿದೀನಿ, ಆದ್ರೆ ಶೀಲ ಸೇರಿದ ಕೂಡ್ಲೇ ತಾನೇ ಬದಲಾಗ್ತಾ ಇರೋದು ಅನ್ನೋ ಅರ್ಥ ಬರುತ್ತೆ, ಪರಿವರ್ತನಶೀಲ ಜಗತ್ತು ಅಂತೀವಲ್ಲ ಹಾಗೆ. ಇಲ್ಲಿ ನಾಯಕ ಬದಲಿಸೋನು, ಅವನ ಕೈಕೆಳಗಿನವರು ಬದಲಾಗೋರು.

1978ರಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞ ಜೇಮ್ಸ್ ಮ್ಯಾಕ್‌ಗ್ರೆಗರ್ ಬರ್ನ್ಸ್ ಈ ವಿಚಾರ ಹೇಳಿದಾಗ ನಾಯಕ, ಅನುಯಾಯಿ ಇಬ್ರೂ ಒಬ್ರನ್ನೊಬ್ರು ಮೇಲೆತ್ತುತ್ತಾರೆ ಅಂದಿದ್ರು, ಆ ಲೆಕ್ಕಕ್ಕೆ ಶೀಲ ಅರ್ಧ ಒಪ್ಪಬಹುದೇನೋ. ಆದ್ರೆ ಸೈನ್ಯದ ಅಧ್ಯಯನಗಳಲ್ಲಿ ಹೆಚ್ಚಾಗಿ ಬಳಸೋದು ಮನೋವಿಜ್ಞಾನಿ ಬರ್ನಾರ್ಡ್ ಬಾಸ್ 1985ರಲ್ಲಿ ಬೆಳೆಸಿದ ರೂಪ, ಅಲ್ಲಿ ಒತ್ತು ಇರೋದು ನಾಯಕ ಏನ್ ಮಾಡ್ತಾನೆ ಅನ್ನೋದ್ರ ಮೇಲೆ: ತಾನೇ ಮಾದರಿಯಾಗೋದು, ಹುರಿದುಂಬಿಸೋದು, ಯೋಚನೆಗೆ ಹಚ್ಚೋದು, ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಗಮನಿಸೋದು.

ಅಮೆರಿಕದ ಸೇನಾ ಅಕಾಡೆಮಿ ವೆಸ್ಟ್ ಪಾಯಿಂಟ್‌ನಲ್ಲಿ ಎರಡನೇ ವರ್ಷದ ಕೆಡೆಟ್‌ಗೆ ಹೊಸಬರು ಒಬ್ರನ್ನೋ ಇಬ್ರನ್ನೋ ವಹಿಸಿಕೊಡ್ತಾರೆ. ಹೊಸಬ ನಕ್ಷೆ ಓದೋದ್ರಲ್ಲಿ ಹಿಂದೆ ಬಿದ್ದ ಅನ್ನಿ. ಪಾಸಾದ್ರೆ ಶಹಬ್ಬಾಸ್, ಫೇಲಾದ್ರೆ ಶಿಕ್ಷೆ ಅಂದ್ರೆ ಅದು ಟ್ರಾನ್ಸಾಕ್ಷನಲ್, ಅಂದ್ರೆ ಕೊಟ್ಟು ತಗೊಳ್ಳೋ ಲೆಕ್ಕದ ನಾಯಕತ್ವ. ಪಕ್ಕದಲ್ಲಿ ಕೂತು ಎಲ್ಲಿ ತಡವರಿಸ್ತಿದಾನೆ ಅಂತ ನೋಡಿ, ಉತ್ತರ ಹೇಳದೆ, ದಾರಿ ಅವನೇ ಹುಡುಕೋ ಹಾಗೆ ಮಾಡಿದ್ರೆ ನಾನು ಕೇಳ್ತಿರೋ ಪದ ಅಲ್ಲಿ ಕೂರಬೇಕು.

ನನ್ನ ಒಲವು ಪರಿವರ್ತಕ ನಾಯಕತ್ವದ ಕಡೆ. ಪರಿವರ್ತಕ ಅಂದ್ರೆ ಕರೆಂಟಿನ ಟ್ರಾನ್ಸ್‌ಫಾರ್ಮರ್ ನೆನಪಾಗುತ್ತೆ ಅನ್ನೋರು ಇದಾರೆ, ಮುಂದೆ ನಾಯಕತ್ವ ಇರೋವಾಗ ಆ ಗೊಂದಲ ಆಗಲ್ಲ ಅಂತ ನನ್ನ ನಂಬಿಕೆ. ಟ್ರಾನ್ಸಾಕ್ಷನಲ್‌ಗೆ ವ್ಯಾವಹಾರಿಕ ಅಂತೂ ಬೇಡ, ಪ್ರಾಕ್ಟಿಕಲ್ ಮನುಷ್ಯ ಅಂತ ಓದ್ಕೋತಾರೆ. ಕೊಡುಕೊಳ್ಳುವ ನಾಯಕತ್ವ ಅಂದ್ರೆ ಹೇಗೆ?

ಇನ್ನೊಂದು, ಸಕ್ಸೆಸ್. ಯಶಸ್ಸು ಅಂತ ಒಂದೇ ಪದ ಹಾಕಿದ್ರೆ ಅಂಕ, ಕವಾಯತು, ಅರ್ಧಕ್ಕೆ ಬಿಟ್ಟುಹೋಗದೆ ಉಳಿಯೋದು ಎಲ್ಲಾ ಕಲಸಿಹೋಗುತ್ತೆ. ಮನೋವಿಜ್ಞಾನಿ ಆಂಜೆಲಾ ಡಕ್‌ವರ್ತ್ ಮತ್ತೆ ಸಂಗಡಿಗರ 2007ರ ಅಧ್ಯಯನದಲ್ಲಿ, ವೆಸ್ಟ್ ಪಾಯಿಂಟ್‌ನ ಮೊದಲ ಬೇಸಿಗೆಯ ಕಠಿಣ ತರಬೇತಿ ಯಾರು ಮುಗಿಸ್ತಾರೆ ಅನ್ನೋದನ್ನ ಪ್ರವೇಶದ ಅಂಕಕ್ಕಿಂತ ಛಲವೇ ಚೆನ್ನಾಗಿ ತೋರಿಸ್ತು. ಈ ಉಳಿದುಕೊಳ್ಳೋ ಯಶಸ್ಸಿಗೆ ನೀವು ಯಾವ ಪದ ಬಳಸ್ತೀರಿ? ತೇರ್ಗಡೆ ಅಂದ್ರೆ ಪರೀಕ್ಷೆ ಮಾತ್ರ ಆಗುತ್ತೆ.