ಡಿಸೆಂಬರ್ ರಜೆಗೆ ಕೇರ್ನ್ಸ್: ಊರಿಂದ ಬಂದ ಅಪ್ಪ ಅಮ್ಮನ ಜೊತೆ ಹೋಗಬಹುದಾ?

ಮಲ್ಪೆ_ಟು_ಮೆಲ್ಬರ್ನ್:
ಉಡುಪಿಯಿಂದ ಅಪ್ಪ ಅಮ್ಮ ಬಂದಿದ್ದಾರೆ. ಕ್ರಿಸ್‌ಮಸ್‌ಗೆ ನನ್ನ ಆಫೀಸು ಮುಚ್ಚುತ್ತದೆ, ಮಗಳಿಗೂ ರಜೆ. ಎಲ್ಲರೂ ಕ್ವೀನ್ಸ್‌ಲ್ಯಾಂಡ್‌ನ ಉತ್ತರದಲ್ಲಿರುವ ಕೇರ್ನ್ಸ್ ಕಡೆ ಹೋಗೋಣ ಅಂತಿದ್ದೇವೆ. ಮಗಳಿಗೆ ಅಲ್ಲಿನ ಹವಳದ ದಿಬ್ಬ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಸ್ನಾರ್ಕಲಿಂಗ್ (ಉಸಿರಾಟದ ಕೊಳವೆ ಕಚ್ಚಿಕೊಂಡು ತೇಲುತ್ತಾ ನೀರೊಳಗೆ ನೋಡುವುದು) ಮಾಡಲೇಬೇಕಂತೆ. ಅಪ್ಪ ಮಾತ್ರ, "ಮಲ್ಪೆಯಲ್ಲಿ ಇಲ್ಲದ ಸಮುದ್ರ ಅಲ್ಲೇನುಂಟು? ಮರಳು ನೋಡಲಿಕ್ಕೆ ವಿಮಾನ ಹತ್ತಬೇಕಾ?" ಅನ್ನುತ್ತಿದ್ದಾರೆ. ಅದರ ಮೇಲೆ ಆಫೀಸಿನಲ್ಲೊಬ್ಬರು, ಡಿಸೆಂಬರ್‌ನಲ್ಲಿ ಅಲ್ಲಿ ನೀರಿಗೇ ಇಳಿಯುವಂತಿಲ್ಲ, ಜೆಲ್ಲಿಫಿಶ್ ಕಾಟ ಅಂದರು. ನಿಜವಾ? ಅಪ್ಪನಿಗೆ ಬಿಪಿ ಇದೆ, ಆದರೆ ಚೆನ್ನಾಗಿ ಈಜುತ್ತಾರೆ. ಬೇಡ ಅಂದರೆ ಕೇಳುವ ಪೈಕಿ ಅಲ್ಲ. ಅಮ್ಮನಿಗೆ ಮಂಡಿನೋವು. ಇಬ್ಬರೂ ಮೊಟ್ಟೆಯನ್ನೂ ತಿನ್ನುವುದಿಲ್ಲ.

ಚಳಿಗಾಲದ_ಗಿರಾಕಿ:
ಜುಲೈಗೆ ಹೋಗಿ. ಆಗ ಮೆಲ್ಬರ್ನ್‌ನಲ್ಲಿ ನಡುಗುತ್ತಿರುತ್ತೀರಿ, ಅಲ್ಲಿ ಹಿತವಾದ ಬಿಸಿಲು, ಮಳೆಯೂ ಕಡಿಮೆ. ಡಿಸೆಂಬರ್‌ನಲ್ಲಿ ದುಡ್ಡು ದಂಡ.

ಮಲ್ಪೆ_ಟು_ಮೆಲ್ಬರ್ನ್:
ಜುಲೈಗೆ ಅಪ್ಪ ಅಮ್ಮ ಇಲ್ಲಿರುವುದಿಲ್ಲ ಸರ್. ಫೆಬ್ರವರಿಯಲ್ಲೇ ವಾಪಸ್.

ಕೇರ್ನ್ಸ್_ಅಕ್ಕ:
ಬನ್ನಿ ಮಾರಾಯ್ರೇ, ದಂಡ ಏನೂ ಆಗುವುದಿಲ್ಲ. ನಾನು ಕುಂದಾಪುರದವಳು, ಇಲ್ಲಿ ಹೋಟೆಲಿನಲ್ಲಿ ಕೆಲಸ. ಡಿಸೆಂಬರ್‌ನಲ್ಲಿ ಬರುವವರನ್ನು ದಿನಾ ನೋಡುತ್ತೇನೆ. ಬೇಜಾರು ಮಾಡಿಕೊಂಡು ಹೋಗುವವರು ಯಾರು ಗೊತ್ತಾ? ಬಂದ ದಿನದಿಂದ ಹೋಗುವ ದಿನದವರೆಗೆ ಎಲ್ಲವನ್ನೂ ಮೊದಲೇ ಬುಕ್ ಮಾಡಿ, ಒಂದು ಜೋರು ಮಳೆಗೆ ಮುಖ ಊದಿಸಿಕೊಳ್ಳುವವರು.

ಜೆಲ್ಲಿಫಿಶ್ ವಿಷಯ ನಿಜ. ನವೆಂಬರ್‌ನಿಂದ ಮೇವರೆಗೆ ಅದರ ಕಾಲ. ಬಾಕ್ಸ್ ಜೆಲ್ಲಿಫಿಶ್ ಜೀವ ತೆಗೆಯಬಲ್ಲದು. ಅದಕ್ಕೇ ಪಾಮ್ ಕೋವ್, ಟ್ರಿನಿಟಿ ಬೀಚ್, ಪೋರ್ಟ್ ಡಗ್ಲಸ್‌ನ ಫೋರ್ ಮೈಲ್ ಬೀಚ್‌ನಲ್ಲಿ ನೀರೊಳಗೆ ಬಲೆ ಕಟ್ಟಿ ಈಜುವ ಜಾಗ ಮಾಡಿರುತ್ತಾರೆ. ಲೈಫ್‌ಗಾರ್ಡ್ ಬೀಚ್ ಮುಚ್ಚಿದರೆ ಬಲೆಯೊಳಗೂ ಇಳಿಯಬೇಡಿ. ಇರುಕಾಂಜಿ ಅಂತ ಇನ್ನೊಂದು ಜಾತಿ ಇದೆ. ಉಗುರಿನಷ್ಟೇ ದೊಡ್ಡದು, ಬಲೆಯ ಕಣ್ಣಿನಲ್ಲೇ ನುಸುಳಿ ಬರುತ್ತದೆ. ಹಾಗಾಗಿ ಮೈಪೂರ್ತಿ ಮುಚ್ಚುವ ಸ್ಟಿಂಗರ್ ಸೂಟ್ ಹಾಕಲೇಬೇಕು. ರೀಫ್‌ಗೆ ಹೋಗುವ ದೋಣಿಯವರು ಈ ಕಾಲದಲ್ಲಿ ಸೂಟ್ ಕೊಡುತ್ತಾರೆ. ಬೀಚ್‌ನಲ್ಲಿ ಕಂಬಕ್ಕೆ ವಿನೆಗರ್ ಬಾಟಲಿ ಸಿಕ್ಕಿಸಿರುವುದು ಕಾಣುತ್ತದೆ. ಕಚ್ಚಿದರೆ ಉಜ್ಜಬಾರದು, ಸಿಹಿನೀರು ಹಾಕಬಾರದು. ಕನಿಷ್ಠ 30 ಸೆಕೆಂಡು ವಿನೆಗರ್ ಸುರಿದು ತುರ್ತು ನಂಬರ್ 000ಗೆ ಫೋನ್ ಮಾಡಬೇಕು.

ನಿಮ್ಮ ತಂದೆಯವರಿಗೆ ಒಂದು ಮಾತು ಮೊದಲೇ ಹೇಳಿಬಿಡಿ: ಇಲ್ಲಿ ಮೊಸಳೆ ಸಮುದ್ರಕ್ಕೂ ಬರುತ್ತದೆ. ನದಿ ಬಂದು ಸೇರುವ ಅಳಿವೆಯ ಹತ್ತಿರ ಕಾಲು ತೊಳೆಯಲಿಕ್ಕೂ ನಿಲ್ಲಬಾರದು. ಮೊಸಳೆ ಇದೆ ಎಚ್ಚರ ಅನ್ನುವ ಹಳದಿ ಬೋರ್ಡ್ ಇರುವುದು ಸುಮ್ನೆ ಅಲ್ಲ.

ಕೇರ್ನ್ಸ್ ಪೇಟೆಯಲ್ಲಿ ಬೀಚೇ ಇಲ್ಲ. ನೀರಿಳಿದಾಗ ಬರೀ ಕೆಸರು. ಆದರೆ ದಂಡೆಯಲ್ಲೇ ಲಗೂನ್ ಅನ್ನುವ ದೊಡ್ಡ ಉಪ್ಪುನೀರಿನ ಈಜುಕೊಳ ಇದೆ, 2003ರಲ್ಲಿ ಕಟ್ಟಿದ್ದು, ಪುಕ್ಕಟೆ. ಮಗಳು ಅಲ್ಲಿಂದ ಏಳುವುದೇ ಇಲ್ಲ ನೋಡಿ.

ರೀಫ್‌ಗೆ ಹೊರಗಿನ ದೂರದ ಟ್ರಿಪ್ ಬೇಡ, ಅಮ್ಮನಿಗೆ ಕಷ್ಟ. ಗ್ರೀನ್ ಐಲ್ಯಾಂಡ್‌ಗೆ ಹೋಗಿ. ದೋಣಿಯಲ್ಲಿ ಮುಕ್ಕಾಲು ಗಂಟೆ. ಮಗಳು ನೀರಿಗಿಳಿದರೆ ಅಮ್ಮ ಗಾಜಿನ ತಳದ ದೋಣಿಯಲ್ಲಿ ಕೂತೇ ಹವಳ, ಮೀನು ನೋಡಬಹುದು. ದೋಣಿಯಲ್ಲಿ ಆರೋಗ್ಯದ ಫಾರ್ಮ್ ಕೊಡುತ್ತಾರೆ, ಅಪ್ಪನ ಬಿಪಿ ಮುಚ್ಚಿಡಬೇಡಿ. ತೇಲುವ ಜಾಕೆಟ್ ಹಾಕಿಕೊಳ್ಳಿ ಅಂದಾರು, ಅವರಿಗೆ ಸಿಟ್ಟು ಬರಬಹುದು, ಬರಲಿ.

ಮಳೆ ಜಾಸ್ತಿ ಬರುವುದು ಜನವರಿಯಿಂದ ಮಾರ್ಚ್‌ವರೆಗೆ. ವರ್ಷಕ್ಕೆ ಸುಮಾರು 2000 ಮಿಲಿಮೀಟರ್. ಉಡುಪಿಯಲ್ಲಿ ಅದರ ಎರಡರಷ್ಟು ಸುರಿಯುತ್ತದೆ, ಅಮ್ಮ ನಕ್ಕುಬಿಟ್ಟಾರು. ಚಂಡಮಾರುತ ಮಾತ್ರ ನಗುವ ವಿಷಯ ಅಲ್ಲ. 2023ರ ಡಿಸೆಂಬರ್‌ನಲ್ಲಿ ಜಾಸ್ಪರ್ ಬಂದಾಗ ನೆರೆಯಲ್ಲಿ ವಿಮಾನ ನಿಲ್ದಾಣವೂ ಮುಚ್ಚಿತ್ತು. ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ರೂಮನ್ನೇ ಹಿಡಿಯಿರಿ.

ಮಲ್ಪೆ_ಟು_ಮೆಲ್ಬರ್ನ್:
ಥ್ಯಾಂಕ್ಸ್ ಅಕ್ಕಾ. ಮೊಸಳೆ ಅಂದ ಕೂಡಲೇ ಅಪ್ಪನಿಗೆ ಉತ್ಸಾಹ ಬಂದಿದೆ! ಎಲ್ಲಿ ನೋಡಲಿಕ್ಕೆ ಸಿಗುತ್ತದೆ ಅಂತ ಕೇಳುತ್ತಿದ್ದಾರೆ. ಊಟಕ್ಕೇನು ಮಾಡುವುದು?

ಕೇರ್ನ್ಸ್_ಅಕ್ಕ:
ಮೊಸಳೆಗೆ ಡೇನ್‌ಟ್ರೀ ನದಿಯಲ್ಲಿ ದೋಣಿ ವಿಹಾರ ಇದೆ. ಕಾರು ಬಾಡಿಗೆಗೆ ತೆಗೆದುಕೊಂಡರೆ ಕೇರ್ನ್ಸ್‌ನಿಂದ ಪೋರ್ಟ್ ಡಗ್ಲಸ್ ಒಂದು ಗಂಟೆ, ಸಮುದ್ರದ ಪಕ್ಕದಲ್ಲೇ ರಸ್ತೆ. ಅಲ್ಲಿಂದ ಮುಂದೆ ಡೇನ್‌ಟ್ರೀ.

ಊಟಕ್ಕೆ ಅಡುಗೆಮನೆ ಇರುವ ಅಪಾರ್ಟ್‌ಮೆಂಟೇ ಸರಿ. ರಸ್ಟೀಸ್ ಮಾರ್ಕೆಟ್ ಶುಕ್ರವಾರದಿಂದ ಭಾನುವಾರದವರೆಗೆ ಇರುತ್ತದೆ. ಮಾವು, ಪಪ್ಪಾಯಿ, ತೆಂಗಿನಕಾಯಿ ಎಲ್ಲ ಸಿಗುತ್ತದೆ. ಕುಕ್ಕರ್, ಸಾರಿನ ಪುಡಿ ಮೆಲ್ಬರ್ನ್‌ನಿಂದ ತನ್ನಿ.

ಚಳಿಗಾಲದ_ಗಿರಾಕಿ:
ಸರಿ, ಒಪ್ಪಿದೆ. ಆದರೆ ಕ್ರಿಸ್‌ಮಸ್ ದಿನ ರೀಫ್ ದೋಣಿ ಹೆಚ್ಚಿನವು ಓಡುವುದಿಲ್ಲ, ಆ ದಿನಕ್ಕೆ ಲಗೂನ್ ಇಟ್ಟುಕೊಳ್ಳಿ. ವಾಚ್ ಒಂದು ಗಂಟೆ ಹಿಂದೆ ಇಡಿ, ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ಡೇಲೈಟ್ ಸೇವಿಂಗ್ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಇಲ್ಲ. ಅಪ್ಪ ಅಮ್ಮನ ಇನ್ಶೂರೆನ್ಸ್ ಪಾಲಿಸಿಯಲ್ಲಿ ಬಿಪಿಯ ಬಗ್ಗೆ ಏನು ಬರೆದಿದ್ದಾರೆ ಅಂತ ಹೊರಡುವ ಮೊದಲೇ ಓದಿ.