ಸಹಾಯ ಬೇಕು: ‘ವಿಂಡೋ’ ಪದ ಬಿಡಿಸಿದೆ, ‘ಬೆಳಕಿಂಡಿ’ ಬಿಡಿಸೋಕೆ ಆಗಲಿಲ್ಲ

ನಮಸ್ಕಾರ. ಕೊಪ್ಪಳದ ಹತ್ತಿರ ಹಳ್ಳಿಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. ನಿನ್ನೆ ‘ವಿಂಡೋ’ ಪದ ಬಿಡಿಸಿದೆ. ಮೂಲ ಹಳೆಯ ನಾರ್ಸ್, ಅಂದರೆ ಸ್ಕ್ಯಾಂಡಿನೇವಿಯಾದ ಹಳೆಯ ಭಾಷೆಯದು: ಗಾಳಿ ಮತ್ತು ಕಣ್ಣು ಸೇರಿ ಗಾಳಿಗಣ್ಣು! ಅದಕ್ಕೂ ಮುಂಚೆ ಇಂಗ್ಲಿಷಿನಲ್ಲಿ ಕಿಟಕಿಗೆ ‘ಕಣ್ಣಿನ ತೂತು’ ಅನ್ನೋ ಅರ್ಥದ ಪದ ಇತ್ತು. ಅದರಲ್ಲಿ ‘ತೂತು’ ಅನ್ನೋ ಭಾಗ ಈಗಲೂ ‘ನಾಸ್ಟ್ರಿಲ್’ (ಮೂಗಿನ ಹೊಳ್ಳೆ) ಪದದ ಬಾಲದಲ್ಲಿದೆ. ನಮ್ಮ ಗವಾಕ್ಷಿಯಲ್ಲೂ ಕಣ್ಣೇ ಅಲ್ವಾ, ‘ಗೋ’ ಮತ್ತು ‘ಅಕ್ಷ’, ದನದ ಕಣ್ಣು.

ಆಗ ಒಬ್ಬ ಹುಡುಗ ಮಣ್ಣಿನ ಮಾಳಿಗೆ ಕಡೆ ಬೆರಳು ತೋರಿಸಿದ. ಬಿಸಿಲಿನ ಕೋಲು ನೇರ ಅವನ ಪಾಟಿ ಮೇಲೆ ಬಿದ್ದಿತ್ತು. ‘ಸರ, ಬೆಳಕಿಂಡಿ ಬಿಡಿಸ್ರಿ.’ ಬೆಳಕು, ಕಿಂಡಿ ಅಂದೆ. ‘ಹಂಗಾದ್ರ ಬೆಳಕುಕಿಂಡಿ ಅನ್ನಬೇಕಲ್ರಿ? ಒಂದು ಕ ಎಲ್ಲಿ ಹೋತು?’ ಸುಮ್ನೆ ನಕ್ಕೆ.

ಬಲ್ಲವರು ಹೇಳಿ. ರಾಯಚೂರು, ಬಳ್ಳಾರಿ ಕಡೆ ಬೆಳಕಿಂಡಿಗೆ ಬೇರೆ ಹೆಸರಿದ್ದರೆ ಅದನ್ನೂ ಬರೆಯಿರಿ. ನಾಳೆ ಸಂಜೆ ಅವನು ಮತ್ತೆ ಬರುತ್ತಾನೆ.