ನಮ್ಮ ಧರ್ಮಕೇಂದ್ರ ಬಿಟ್ಟು ಬೇರೆ ಚರ್ಚುಗಳಿಗೆ ಹೋಗಿ ಬರಬಹುದಾ?

ಮಂಡ್ಯದವಳು:
ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವಳು, ಹುಟ್ಟಿನಿಂದ ಕಥೋಲಿಕಳು. ಚಿಕ್ಕಂದಿನಿಂದ ಒಂದೇ ಚರ್ಚು. ಗಾನವೃಂದದಲ್ಲಿ ಹಾಡುತ್ತೇನೆ. ಹಬ್ಬ ಬಂದರೆ ಪೀಠದ ಹೂವಿನಿಂದ ಹಿಡಿದು ಊಟದ ಲೆಕ್ಕದವರೆಗೆ ಎಲ್ಲದಕ್ಕೂ ನನ್ನನ್ನೇ ಕೇಳುತ್ತಾರೆ. ಈಗ ಏನಾಗಿದೆ ಅಂದರೆ, ಪೂಜೆಗೆ ಕೂತರೂ ಮೈಕ್ ಸರಿ ಇದೆಯಾ, ಕೀಬೋರ್ಡ್ ಹುಡುಗ ಬಂದನಾ, ಬೈಬಲ್‌ನ ಎರಡನೇ ವಾಚನ ಯಾರದು, ಬರೀ ಇದೇ ತಲೆಯಲ್ಲಿ ಓಡುತ್ತಿರುತ್ತದೆ. ಬಾಯಿ ಪ್ರಾರ್ಥನೆ ಹೇಳುತ್ತದೆ, ಮನಸ್ಸು ಅಲ್ಲಿರುವುದಿಲ್ಲ. ಯಾರ ಮೇಲೂ ದೂರಿಲ್ಲ. ನಂಬಿಕೆ ಹೋಗಿಲ್ಲ, ಒಣಗಿದೆ ಅಷ್ಟೇ.

ಸ್ವಲ್ಪ ಕಾಲ ಗುರುತಿಲ್ಲದ ಚರ್ಚುಗಳಿಗೆ ಹೋಗಿ, ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂರಬೇಕು ಅನ್ನಿಸುತ್ತಿದೆ. ಸಿಎಸ್‌ಐ ಅಂದರೆ ಪ್ರೊಟೆಸ್ಟೆಂಟರ ದಕ್ಷಿಣ ಭಾರತ ಸಭೆಯ ಚರ್ಚಿಗೂ ಹೋಗಬಹುದಾ? ಅಲ್ಲಿ ಪ್ರಸಾದ, ಅಂದರೆ ಆರಾಧನೆಯಲ್ಲಿ ಕೊಡುವ ರೊಟ್ಟಿ ದ್ರಾಕ್ಷಾರಸ, ತಗೋಬಹುದಾ? ನಮ್ಮತ್ತೆ ಹತ್ತಿರ ಹೇಳಿದ್ದಕ್ಕೆ "ಮನೇಲಿ ಅಡುಗೆ ಇಟ್ಕೊಂಡು ಹೋಟ್ಲಿಗೆ ಯಾಕಮ್ಮಾ" ಅಂದರು.

ಲಷ್ಕರ್ ಮೊಹಲ್ಲಾ:
ಅಕ್ಕ, ಧಾರಾಳವಾಗಿ ಹೋಗಿ. ಎಲ್ಲರೂ ಮೊದಲು ಹೇಳುವುದು ನಮ್ಮ ಮೈಸೂರಿನ ಸಂತ ಫಿಲೋಮಿನಾ ಚರ್ಚನ್ನೇ. 1933ರಲ್ಲಿ ನಾಲ್ವಡಿಯವರು ಅಡಿಗಲ್ಲು ಹಾಕಿದ್ದು, ಜರ್ಮನಿಯ ಕಲೋನ್ ಚರ್ಚಿನ ಮಾದರಿ, 175 ಅಡಿಯ ಎರಡು ಗೋಪುರ. ಆದರೆ ಹಗಲಲ್ಲಿ ಬಂದರೆ ಪ್ರಾರ್ಥನೆ ಮಾಡುವವರಿಗಿಂತ ಸೆಲ್ಫಿ ತೆಗೆಯುವವರೇ ಜಾಸ್ತಿ. ವಾರದ ದಿನ ಬೆಳಗಿನ ಪೂಜೆಗೆ ಬನ್ನಿ, ಆಗ ಅದು ಬೇರೆಯೇ ಚರ್ಚು.

ನನ್ನ ಕೇಳಿದರೆ ದೊಡ್ಡದಕ್ಕಿಂತ ಮೊದಲು ಶ್ರೀರಂಗಪಟ್ಟಣದ ಗಂಜಾಂ ಚರ್ಚಿಗೆ ಹೋಗಿ. ನಿಮಗೆ ಹತ್ತಿರ ಕೂಡ. ಫ್ರಾನ್ಸಿನಿಂದ ಬಂದಿದ್ದ ಅಬ್ಬೆ ದುಬ್ವಾ ಅನ್ನುವ ಫಾದರ್ ಇದ್ದ ಜಾಗ ಅದು. 1799ರಲ್ಲಿ ಟಿಪ್ಪು ಬಿದ್ದ ಮೇಲೆ, ಚೆದುರಿಹೋಗಿದ್ದ ಕ್ರೈಸ್ತರನ್ನು ಈ ಸೀಮೆಯಲ್ಲಿ ಮತ್ತೆ ಒಟ್ಟುಗೂಡಿಸಿದವರು. ಜನರಿಗೆ ಸಿಡುಬಿನ ಲಸಿಕೆ ಹಾಕಿಸಿದ್ದೂ ಅವರೇ, "ದೊಡ್ಡಸ್ವಾಮಿಯೋರು" ಅಂತಿದ್ದರಂತೆ. ಚರ್ಚು ಗುರುಗಳು ಎಲ್ಲ ಕೈತಪ್ಪಿಹೋಗಿ ಮತ್ತೆ ಮೊದಲಿನಿಂದ ಶುರುಮಾಡಿದ ಜನ ಪ್ರಾರ್ಥಿಸಿದ ಜಾಗ ಅನ್ನುವುದು ತಲೆಯಲ್ಲಿದ್ದರೆ ಅಲ್ಲಿ ಕೂರುವುದೇ ಬೇರೆ ಥರ.

ವೆಸ್ಲಿ ಸಭೆಯವ:
ಅಮ್ಮಾ, ನಾನು ಸಿಎಸ್‌ಐ. ಮೈಸೂರಿನ ವೆಸ್ಲಿ ಕ್ಯಾಥೆಡ್ರಲ್‌ಗೆ ಬನ್ನಿ. ಯಾಕೆ ಬಂದ್ರಿ ಅಂತ ಯಾರೂ ಕೇಳಲ್ಲ. ಆದರೆ ಯಾವೂರು, ಯಾರ ಮನೆಯವರು ಅಂತ ಕೇಳದೆ ಬಿಡಲ್ಲ, ಅದಕ್ಕೆ ತಯಾರಾಗಿರಿ! ಗುರುತಿಲ್ಲದ ಹಾಗೆ ಉಳಿಯಬೇಕಾದರೆ ಕೊನೆಯ ಆಶೀರ್ವಾದ ಆದ ತಕ್ಷಣ ಹೊರಟುಬಿಡಿ.

ನಿಮಗೆ ಪ್ರಸಂಗ, ಅಂದರೆ ಬೋಧನೆ, ಉದ್ದ ಅನ್ನಿಸಬಹುದು. ನಮ್ಮವರಿಗೆ ಅದೇ ಮುಖ್ಯ. ಹಾಡು ಎಲ್ಲರೂ ಸೇರಿ ಹಾಡುತ್ತೇವೆ, ಪುಸ್ತಕ ಪಕ್ಕದವರು ಕೊಡುತ್ತಾರೆ. ನೀವು ಗಾಯಕಿಯಾದ್ದರಿಂದ ಹೇಳುತ್ತೇನೆ, ಸ್ವರ ತಪ್ಪಿದರೆ ನಿಮ್ಮ ಜವಾಬ್ದಾರಿ ಅಲ್ಲ ಅನ್ನುವುದೇ ದೊಡ್ಡ ನೆಮ್ಮದಿ. ತೀರಾ ಪರಕೀಯ ಅನ್ನಿಸುವುದೂ ಇಲ್ಲ. 1947ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮುಂತಾದವರು ಒಂದಾಗಿ ಸಿಎಸ್‌ಐ ಆಯಿತು. 1950ರಲ್ಲಿ ಹೊಸ ಆರಾಧನೆ ಕ್ರಮ ಬಂದಾಗಲೇ ಪಕ್ಕದವರ ಕೈ ಮುಟ್ಟಿ ಶಾಂತಿ ಕೋರುವ, ಕೈಯಿಂದ ಕೈಗೆ ಸಮಾಧಾನ ಹಂಚುವ ಪದ್ಧತಿ ಸೇರಿಸಿದರು. ನಿಮ್ಮ ಪೂಜೆಯಲ್ಲೂ ಆಮೇಲೆ ಬಂತಲ್ಲ, ಅದೇ.

ಕರ್ತನ ಭೋಜನದ ದಿನ, ಅಂದರೆ ಪ್ರಸಾದ ಕೊಡುವ ದಿನ, ಏನು ಮಾಡಬೇಕು ಅನ್ನುವುದನ್ನು ನಿಮ್ಮವರೇ ಯಾರಾದರೂ ಹೇಳಲಿ. ಎದ್ದು ಹೋಗದೆ ಕೂತರೆ ಇಲ್ಲಿ ಯಾರೂ ತಪ್ಪು ತಿಳಿಯಲ್ಲ.

ಕೆ.ಆರ್. ನಗರದ ಮೇಷ್ಟ್ರು:
ಧರ್ಮೋಪದೇಶ ಕಲಿಸುವವನಾಗಿ ನಾನೇ ಹೇಳುತ್ತೇನೆ. ಸಿಎಸ್‌ಐ ಆರಾಧನೆಗೆ ಹೋಗಿ ಪ್ರಾರ್ಥಿಸುವುದು ತಪ್ಪಲ್ಲ, ಪ್ರಸಾದ ಮಾತ್ರ ತಗೋಬಾರದು. ಅದು ಭಾನುವಾರದ ಪೂಜೆಗೆ ಬದಲಿ ಕೂಡ ಆಗಲ್ಲ. ಶನಿವಾರ ಸಂಜೆ ಪೂಜೆ ಮುಗಿಸಿಕೊಂಡು ಹೋಗಿ. ಕೇರಳ ಮೂಲದ ಸೀರೋ ಮಲಬಾರ್ ಚರ್ಚಾದರೆ ಈ ತೊಂದರೆಯೇ ಇಲ್ಲ, ಅವರೂ ಪೋಪರ ಕೆಳಗಿನವರೇ. ಮಂಡ್ಯದಲ್ಲೇ 2010ರಿಂದ ಅವರ ಧರ್ಮಕ್ಷೇತ್ರ, ಅಂದರೆ ಬಿಷಪ್ಪರ ಆಡಳಿತದ ಪ್ರಾಂತ್ಯ, ಇದೆ. ಪೂಜೆ ಹೆಚ್ಚಾಗಿ ಮಲಯಾಳದಲ್ಲಿ. ಅರ್ಥ ಆಗದಿದ್ದರೂ ಒಮ್ಮೆ ಕೂತು ನೋಡಿ, ವಾಚನ ಯಾರದು ಅಂತ ಚಿಂತೆ ಮಾಡೋಕೂ ಆಗಲ್ಲ.

ನಮ್ಮ ಡೋರ್ನಹಳ್ಳಿಯ ಸಂತ ಅಂತೋಣಿಯವರ ಚರ್ಚಿಗೂ ಬನ್ನಿ. 2019ರಲ್ಲಿ ಬೆಸಿಲಿಕಾ, ಅಂದರೆ ಪೋಪರ ವಿಶೇಷ ಗೌರವ ಪಡೆದ ಚರ್ಚು, ಅಂತ ಘೋಷಣೆ ಆಯಿತು. ಜೂನ್ 13ರ ಹಬ್ಬದ ನೂಕುನುಗ್ಗಲಲ್ಲಿ ಬೇಡ. ಬಂದಾಗ ಅಲ್ಲೇ ಪಾಪನಿವೇದನೆ ಮಾಡಿ. ಗುರುತಿಲ್ಲದ ಫಾದರ್ ಮುಂದೆ "ನನಗೆ ಪ್ರಾರ್ಥನೆ ಬರ್ತಿಲ್ಲ" ಅನ್ನುವುದು ಸುಲಭ. ಹತ್ತು ಚರ್ಚು ಸುತ್ತುವುದಕ್ಕಿಂತ ಇದು ಮೇಲು.

ಒಂದು ಮಾತು, ಬೇಜಾರು ಮಾಡ್ಕೋಬೇಡಿ. ನಿಮಗೆ ಹೊಸ ಚರ್ಚಲ್ಲ, ರಜೆ ಬೇಕು. ಬೈಬಲ್‌ನಲ್ಲಿ ಲೂಕನ 10ನೇ ಅಧ್ಯಾಯದ ಮಾರ್ತಳನ್ನು ನೋಡಿ, ತಂಗಿ ಯೇಸುವಿನ ಮಾತು ಕೇಳುತ್ತಾ ಕೂತಿದ್ದರೆ ಇವಳು ಬರೀ ಉಪಚಾರದ ಕೆಲಸದಲ್ಲೇ ಮುಳುಗಿದ್ದಳು. ಹೂವು, ಲೆಕ್ಕ ಬೇರೆಯವರಿಗೆ ಕೊಟ್ಟು ನಿಮ್ಮ ಚರ್ಚಿನಲ್ಲೇ ಹಿಂದಿನ ಬೆಂಚಿಗೆ ಹೋಗಿ. ಅಲೆಯುವುದೇ ಅಭ್ಯಾಸವಾದರೆ ಯಾವ ಸಭೆಯೂ ನಿಮ್ಮದಾಗಲ್ಲ.

ಲಷ್ಕರ್ ಮೊಹಲ್ಲಾ:
ಮೇಷ್ಟ್ರೇ, ಇದು ಹೇಳೋಕೆ ಚೆಂದ. ಹಿಂದಿನ ಬೆಂಚಿನಲ್ಲಿ ಕೂತರೂ ಯಾರಾದರೂ ಬಂದು "ಅಕ್ಕಾ, ಬೀರುವಿನ ಕೀ ಎಲ್ಲಿ" ಅಂತ ಕೇಳುತ್ತಾರೆ. ಊರು ದಾಟಿದರೇನೇ ರಜೆ.

ಮಂಡ್ಯದವಳು:
ಕೀ ನನ್ನ ಹತ್ತಿರವೇ ಇದೆ, ಹೇಗೆ ಗೊತ್ತಾಯ್ತೋ! ಮೇಷ್ಟ್ರ ಮಾತು ಸ್ವಲ್ಪ ಚುಚ್ಚಿತು, ಸರಿಯೂ ಅನ್ನಿಸಿತು. ಲೆಕ್ಕದ ಪುಸ್ತಕ ಈ ವಾರ ಫಾದರ್ ಕೈಗೆ ಕೊಡುತ್ತೇನೆ. ಆದರೆ ಗಂಜಾಂಗೂ ಹೋಗುತ್ತೇನೆ, ಅತ್ತೆಯೂ ಬರುತ್ತಾರಂತೆ. ಅಲ್ಲಿ ಭಾನುವಾರ ಬೆಳಗಿನ ಪೂಜೆ ಎಷ್ಟು ಹೊತ್ತಿಗೆ ಅಂತ ಯಾರಿಗಾದರೂ ಗೊತ್ತಾ?